ಬೆಲ್ಟೂ ಬೇಡ, ನೆಟಿಕೆಯೂ ಬೇಡ

ಕತ್ತು, ಭುಜದ ಸಾಮಾನ್ಯ ನೋವಿಗೆ ಮೊದಲು ಎರಡು ಮೂರು ವಾರ ಮನೆಯಲ್ಲೇ ಆರೈಕೆ ಮಾಡಿ ನೋಡಿ ಎಂದು ಹೇಳುತ್ತ ಬಂದವನು ನಾನು. ಬಿಸಿ ಶಾಖ, ದಿನವೂ ಸ್ವಲ್ಪ ವ್ಯಾಯಾಮ, ಕೂತ ಭಂಗಿಯನ್ನು ಆಗಾಗ ಬದಲಿಸುವುದು, ಇಷ್ಟೇ ನನ್ನ ಮಾತು. ಇಷ್ಟಕ್ಕೇ ಚಿತ್ರದುರ್ಗದಿಂದ ಹೊಸದುರ್ಗದವರೆಗೆ ತಕರಾರು ಕೇಳಿದ್ದೇನೆ. ಕೆಲವರದು ಎಕ್ಸ್‌ರೇ ಹಿಡಿದು ಎತ್ತಿದ ತಕರಾರು, ಕೆಲವರದು ದುಡಿದು ನೊಂದವರ ತಕರಾರು, ಇನ್ನು ಕೆಲವರದು ಬರೀ ಸಿಟ್ಟು. ಸಿಟ್ಟಿಗೆ ನನ್ನಲ್ಲಿ ಉತ್ತರವಿಲ್ಲ. ಉಳಿದವಕ್ಕೆ ಇದೆ.

ಮೊದಲನೆಯದು: “ಕತ್ತಿನ ಮೂಳೆ ಸವೆದೈತೆ ಅಂತ ಫಿಲಂನಲ್ಲೇ ಬಂದೈತೆ ಸಾರ್. ಸವೆದಿದ್ದನ್ನ ಆಡಿಸಿದ್ರೆ ಇನ್ನೂ ಸವೆಯಲ್ವಾ?”

ಜಪಾನಿನಲ್ಲಿ ಕತ್ತುನೋವೇ ಇಲ್ಲದ 1,211 ಮಂದಿಯ ಕತ್ತನ್ನು ಎಂಆರ್‌ಐ ಮಾಡಿ ನೋಡಿದರು. 2015ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಅವರಲ್ಲಿ ಶೇಕಡಾ 87.6 ಜನರ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ಹೆಚ್ಚಿನವರ ಸ್ಥಿತಿ ಅದೇ. ವಯಸ್ಸಾದಂತೆ ತಲೆ ನರೆಯುವ ಹಾಗೆ ಡಿಸ್ಕೂ ಒಣಗುತ್ತದೆ, ಉಬ್ಬುತ್ತದೆ. ನೋವಿಗೂ ಅದಕ್ಕೂ ನಂಟು ಇರಬಹುದು, ಇಲ್ಲದೆಯೂ ಇರಬಹುದು. ಫಿಲಂ ನೋಡಿ ಹೆದರಿದವರು ಮಾತ್ರ ಕತ್ತು ಆಡಿಸುವುದನ್ನೇ ಬಿಡುತ್ತಾರೆ, ಸ್ನಾಯು ಇನ್ನಷ್ಟು ಬಿಗಿಯುತ್ತದೆ, ಆಗ ನಿಜವಾಗಿಯೂ ನೋವು ಹೆಚ್ಚುತ್ತದೆ.

ಕತ್ತಿನ ಬೆಲ್ಟಿನ ಪರವಾಗಿ ವಾದಿಸುವವರಿಗೂ ಇದೇ ಉತ್ತರ. ಬಿದ್ದು ಏಟಾದಾಗ, ಡಾಕ್ಟರು ಹೇಳಿದಷ್ಟು ದಿನ ಕಾಲರ್ ಹಾಕುವುದು ಬೇರೆ. ಹಿರಿಯೂರಿನ ಬಸ್‌ ಸ್ಟ್ಯಾಂಡಿನಲ್ಲಿ ತಿಂಗಳುಗಟ್ಟಲೆ ಅದನ್ನು ಹಾಕಿಕೊಂಡೇ ಓಡಾಡುವುದು ಬೇರೆ.

ಎರಡನೆಯ ಬಣ ನೆಟಿಕೆಯವರದು. ಕಟಿಂಗ್ ಮಾಡಿಸಿಕೊಂಡು, ತಲೆ ತಿಕ್ಕಿಸಿಕೊಂಡು, ಕೊನೆಗೆ ಕತ್ತನ್ನು ಎಡಕ್ಕೊಂದು ಬಲಕ್ಕೊಂದು ಲಟಕ್ಕೆನಿಸಿದರೆ ಹಗುರ ಆಗುತ್ತದಲ್ಲ, ನಿಮ್ಮ ಮೂರು ವಾರ ಯಾರಿಗೆ ಬೇಕು ಎನ್ನುತ್ತಾರೆ. ಹಗುರ ಆಗುವುದು ಸುಳ್ಳಲ್ಲ, ಅರ್ಧ ಗಂಟೆ ಇರುತ್ತದೆ. ಆದರೆ ಮಿದುಳಿಗೆ ರಕ್ತ ಒಯ್ಯುವ ನಾಳಗಳು ಹಾದುಹೋಗುವುದು ಇದೇ ಕತ್ತಿನಲ್ಲಿ. ಜೋರಾಗಿ ತಿರುಚಿದಾಗ ನಾಳದ ಒಳಪದರ ಹರಿದು ಪಾರ್ಶ್ವವಾಯು ಆಗಬಹುದು. 2024ರಲ್ಲಿ ನಮ್ಮ ಪಕ್ಕದ ಬಳ್ಳಾರಿಯ ಯುವಕನೊಬ್ಬನಿಗೆ ಸಲೂನಿನ ಮಸಾಜಿನ ನಂತರ ಹೀಗೇ ಆಗಿದ್ದು ಪತ್ರಿಕೆಗಳಲ್ಲಿ ಬಂತು. ಅಪರೂಪ, ನಿಜ. ಆದರೆ ಅರ್ಧ ಗಂಟೆಯ ಹಗುರಕ್ಕೆ ಅಷ್ಟು ಬೆಲೆ ತೆರುವ ಅಗತ್ಯ ನನಗಂತೂ ಕಾಣುವುದಿಲ್ಲ. ತಲೆ ತಿಕ್ಕಿಸಿಕೊಳ್ಳಿ, ಭುಜ ಹಿಸುಕಿಸಿಕೊಳ್ಳಿ, ಕತ್ತು ತಿರುಚುವ ಮೊದಲು “ಸಾಕು ಬಿಡಪ್ಪ” ಎಂದು ಎದ್ದುಬಿಡಿ.

ಇನ್ನು ನನ್ನನ್ನು ನಿಜಕ್ಕೂ ಯೋಚನೆಗೆ ಹಚ್ಚಿದ ಆಕ್ಷೇಪ. ಹೊಳಲ್ಕೆರೆ ಕಡೆಯ ಅಡಿಕೆ ಸುಲಿಯುವ ಹೆಂಗಸರು ಎತ್ತಿದ್ದು: “ಬೆಳಗಿಂದ ಸಂಜೆಗಂಟ ಮೈ ಬಗ್ಸಿ ದುಡಿಯೋರಿಗೆ ಮತ್ಯಾಕೆ ವ್ಯಾಯಾಮ? ಅದೆಲ್ಲ ಕುರ್ಚಿ ಮೇಲೆ ಕೂರೋರಿಗೆ.”

ಅವರ ಕೆಲಸವನ್ನು ಹತ್ತಿರದಿಂದ ನೋಡಿ. ಮಣೆಗೆ ಬಿಗಿದ ಕತ್ತಿಯ ಮುಂದೆ ಕೂತು, ಮಣೆಯನ್ನು ಕಾಲಿನಲ್ಲಿ ಒತ್ತಿ ಹಿಡಿದು, ಹಸಿ ಅಡಿಕೆಯನ್ನು ಅಲಗಿಗೆ ಕೊಟ್ಟು ಸಿಪ್ಪೆ ಬಿಡಿಸುತ್ತಾರೆ. ಕೈಬೆರಳು, ಮಣಿಕಟ್ಟು ಮಾತ್ರ ಓಡುತ್ತಿರುತ್ತವೆ. ಕತ್ತು ಕೆಳಗೆ ಬಾಗಿದ್ದು ಬಾಗಿದಂತೆಯೇ, ಎರಡೂ ಭುಜ ಮೇಲೆತ್ತಿದ್ದು ಎತ್ತಿದಂತೆಯೇ. ಕೂಲಿ ಸುಲಿದಷ್ಟಕ್ಕೆ, ಆದ್ದರಿಂದ ನಡುವೆ ಏಳುವವರಿಲ್ಲ. ಈರುಳ್ಳಿಯ ಕೊರಳು ಕೊಯ್ಯುವವರದು, ಶೇಂಗಾ ಬಿಡಿಸುವವರದು, ಮನೆಯಲ್ಲಿ ಹೊಲಿಗೆ ಹಾಕುವವರದು ಇದೇ ಕಥೆ. ಎರಡು ಹೆದ್ದಾರಿ ಕೂಡುವ ಹಿರಿಯೂರಿನಲ್ಲಿ ಚಹಾಕ್ಕೆ ಇಳಿಯುವ ಲಾರಿ ಡ್ರೈವರುಗಳನ್ನು ನೋಡಿ, ಇಳಿದ ಕೂಡಲೇ ಕೈ ಹೋಗುವುದು ಕತ್ತಿನ ಹಿಂಬದಿಗೆ. ಇಲ್ಲಿ ದುಡಿಯುತ್ತಿರುವುದು ಮೈ ಹೌದು, ಆದರೆ ಕತ್ತು ಭುಜಗಳ ಸ್ನಾಯುಗಳು ಮಾಡುತ್ತಿರುವುದು ಚಲನೆಯಲ್ಲ, ಹೊರೆ ಹಿಡಿದು ನಿಲ್ಲುವ ಕೆಲಸ. ಹಿಡಿದೇ ಇರುವ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯದು, ಅದಕ್ಕೇ ಅದು ಗಂಟು ಕಟ್ಟಿದಂತಾಗುತ್ತದೆ. (ಎಲ್ಲಕ್ಕೂ ಮೊಬೈಲೇ ಕಾರಣ ಎನ್ನುವವರು, ಮೊಬೈಲ್ ಬರುವ ಮೊದಲೂ ಅಡಿಕೆ ಸುಲಿಯುತ್ತಿದ್ದ ಅಜ್ಜಿಯರನ್ನು ಒಮ್ಮೆ ಕೇಳಬೇಕು.)

ಆದ್ದರಿಂದ ದುಡಿಮೆ ವ್ಯಾಯಾಮವಲ್ಲ. ವ್ಯಾಯಾಮಕ್ಕೆ ಹೊತ್ತು ಬಹಳ ಬೇಕು ಎನ್ನುವುದೂ ಸರಿಯಲ್ಲ. ಡೆನ್ಮಾರ್ಕಿನಲ್ಲಿ ಕತ್ತು ಭುಜ ನೋಯುತ್ತಿದ್ದ 198 ಕಚೇರಿ ನೌಕರರ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೆಲವರು ದಿನಕ್ಕೆ ಹನ್ನೆರಡು ನಿಮಿಷ, ಕೆಲವರು ಬರೀ ಎರಡು ನಿಮಿಷ ರಬ್ಬರ್ ಪಟ್ಟಿ ಎಳೆದರು. ಹತ್ತು ವಾರಕ್ಕೆ ಎರಡೂ ಗುಂಪಿನವರ ನೋವು ಇಳಿಯಿತು, ಎರಡು ನಿಮಿಷದವರದು ಹೆಚ್ಚುಕಡಿಮೆ ಅಷ್ಟೇ ಇಳಿಯಿತು. ಕಚೇರಿಯವರ ಲೆಕ್ಕ ಅಡಿಕೆಯವರಿಗೆ ಹಾಗೇ ಹೊಂದುತ್ತದೆ ಎಂದು ನಾನು ಹಟ ಹಿಡಿಯುವುದಿಲ್ಲ. ಆದರೆ ಎರಡೇ ನಿಮಿಷ ಕೊಟ್ಟು ನೋಡುವುದರಿಂದ ಹೋಗುವುದೇನು?

ರಬ್ಬರ್ ಪಟ್ಟಿ ಇಲ್ಲದಿದ್ದರೆ ಹಳೆಯ ಸೈಕಲ್ ಟ್ಯೂಬನ್ನು ಸೀಳಿಕೊಳ್ಳಿ. ನಡುವನ್ನು ಪಾದದಡಿ ಮೆಟ್ಟಿ, ಎರಡು ತುದಿಯನ್ನು ಎರಡು ಕೈಯಲ್ಲಿ ಹಿಡಿದು, ಮೊಣಕೈ ಸ್ವಲ್ಪವೇ ಮಡಿಸಿ, ಕೈಗಳನ್ನು ಪಕ್ಕಕ್ಕೆ ಭುಜದ ಮಟ್ಟದವರೆಗೆ ಎತ್ತಿ, ನಿಧಾನ ಇಳಿಸಿ. ಟ್ಯೂಬು ಬಿಗಿ ಎನಿಸಿದರೆ ಅರ್ಧ ಲೀಟರಿನ ನೀರಿನ ಬಾಟಲಿ ಎರಡು ಸಾಕು. ಜೊತೆಗೆ ಗದ್ದವನ್ನು ನೇರ ಹಿಂದಕ್ಕೆ ಎಳೆದು ಐದು ಎಣಿಸುವಷ್ಟು ನಿಲ್ಲಿಸುವುದು, ಬೆನ್ನ ರೆಕ್ಕೆಮೂಳೆಗಳನ್ನು ಒಂದಕ್ಕೊಂದು ಕೂಡಿಸುವುದು. ಮಾಡುವಾಗ ಸ್ವಲ್ಪ ಎಳೆತ ಇದ್ದರೆ ಪರವಾಗಿಲ್ಲ, ಚುಚ್ಚಿದಂತಾದರೆ ನಿಲ್ಲಿಸಿ. ಸುಲಿಯುವ ಮಣೆಯನ್ನು ಎರಡು ಇಟ್ಟಿಗೆಯ ಮೇಲೆ ಎತ್ತರಿಸಿ ಭದ್ರ ಮಾಡಿಕೊಂಡರೆ ಕತ್ತು ಅಷ್ಟು ಬಾಗುವುದೂ ತಪ್ಪುತ್ತದೆ.

“ನಮ್ಮ ಜಿಲ್ಲೆಯಲ್ಲಿ ಕತ್ತು ಹಿಡಿಯೋದು ಫ್ಲೋರೈಡ್ ನೀರಿನಿಂದ. ಇವರು ನೀರಿನ ಮಾತು ಬಿಟ್ಟು ಕಸರತ್ತು ಹೇಳ್ತಾರೆ” ಎಂಬುದು ಮತ್ತೊಂದು. ಇದರಲ್ಲಿ ಅರ್ಧ ನಿಜವಿದೆ, ಆ ಅರ್ಧವನ್ನು ಒಪ್ಪುತ್ತೇನೆ. ಚಿತ್ರದುರ್ಗ ಜಿಲ್ಲೆಯ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ವರ್ಷಗಟ್ಟಲೆ ಅದಕ್ಕಿಂತ ಬಹಳ ಹೆಚ್ಚು ಹೊಟ್ಟೆಗೆ ಹೋದರೆ ಮೂಳೆ, ಅಸ್ಥಿಬಂಧಗಳು ಗಡುಸಾಗಿ ಕತ್ತು, ಬೆನ್ನು ಸೆಟೆಯಬಹುದು. ನೋಡಿಕೊಳ್ಳುವುದು ಸುಲಭ: ಗದ್ದವನ್ನು ಎದೆಗೆ ಮುಟ್ಟಿಸಿ, ಎರಡೂ ಕೈಯನ್ನು ತಲೆಯ ಹಿಂದಕ್ಕೆ ಒಯ್ಯಿರಿ, ಮಂಡಿ ಮಡಿಸದೆ ಕಾಲ್ಬೆರಳು ಮುಟ್ಟಿ. ಈ ಮೂರೂ ಕಷ್ಟ, ಜೊತೆಗೆ ಹಲ್ಲಿನಲ್ಲಿ ಕಂದು ಗೆರೆ, ಊರಿನ ನೀರೂ ಅನುಮಾನದ್ದು ಎಂದಾದರೆ ನೀರು, ಮೂತ್ರ ಎರಡನ್ನೂ ಪರೀಕ್ಷೆಗೆ ಕೊಡಿಸಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಶುದ್ಧ ನೀರಿನ ಘಟಕದ ಕ್ಯಾನಾದರೂ ಆಗಲಿ, ವಾಣಿವಿಲಾಸ ಸಾಗರದ ನಲ್ಲಿ ನೀರಾದರೂ ಆಗಲಿ, ಕುಡಿಯುವುದಕ್ಕೂ ಅಡುಗೆಗೂ ಅದನ್ನೇ ಬಳಸಬೇಕು. ಕುಡಿಯಲು ಕ್ಯಾನು, ಸಾರಿಗೆ ಬೋರು ಎಂಬ ಪದ್ಧತಿ ಬಹಳ ಮನೆಗಳಲ್ಲಿದೆ.

ಅಷ್ಟಾದರೂ ಎಲ್ಲ ನೋವನ್ನೂ ನೀರಿನ ತಲೆಗೆ ಕಟ್ಟುವುದು ತಪ್ಪು. ಒಂದೇ ಬೋರಿನ ನೀರು ಕುಡಿಯುವ ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವಳ ಬಲಭುಜ ಮಾತ್ರ, ಅದೂ ಹಬ್ಬದ ಸೀಸನ್ನಿನಲ್ಲಿ ಮಾತ್ರ ನೋಯುತ್ತಿದ್ದರೆ ಕಾರಣ ಬಿಂದಿಗೆಯಲ್ಲಿಲ್ಲ.

ನಾಟಿ ಔಷಧಿಯವರ ತಕರಾರು, ಲಕ್ಕಿ ಸೊಪ್ಪನ್ನು ನಾನು ಹೊಗಳಲಿಲ್ಲ ಎಂದು. ಬಾಡಿಸಿ ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡಿ, ನನ್ನದೇನೂ ಅಡ್ಡಿಯಿಲ್ಲ. ಬಾಣಲೆಯಲ್ಲಿ ಹುರಿದ ಉಪ್ಪಿನ ಗಂಟೂ ಆದೀತು. ಹದಿನೈದು ನಿಮಿಷ, ಮೊದಲು ಮಣಿಕಟ್ಟಿನ ಒಳಬದಿಗೆ ಮುಟ್ಟಿಸಿ ನೋಡಿ. ಸಕ್ಕರೆ ಕಾಯಿಲೆಯಿಂದ ಚರ್ಮ ಮರಗಟ್ಟಿದವರಿಗೆ ಬಿಸಿ ಗೊತ್ತಾಗದೆ ಬೊಬ್ಬೆ ಏಳುತ್ತದೆ, ಅವರಿಗೆ ಬೇರೆಯವರು ಮುಟ್ಟಿ ನೋಡಬೇಕು. ಎಕ್ಕದ ಹಾಲನ್ನು ಮಾತ್ರ ಹಚ್ಚಬೇಡಿ. ಚರ್ಮ ಸುಡುತ್ತದೆ, ಕಣ್ಣಿಗೆ ತಗುಲಿದರೆ ಕಣ್ಣಿಗೇ ಅಪಾಯ.

ಕೊನೆಯದು, “ಇವರು ಜನರನ್ನು ಡಾಕ್ಟರಿಂದ ದೂರ ಮಾಡ್ತಾರೆ” ಎಂಬ ಆರೋಪ. ನಮ್ಮಲ್ಲಿ ಬಹಳ ಜನರ ಮೊದಲ ಡಾಕ್ಟರು ಮೆಡಿಕಲ್ ಶಾಪು. ಚೀಟಿಯಿಲ್ಲದೆ ಡೈಕ್ಲೋಫೆನಾಕ್ ಪಟ್ಟಿ ತಂದು ವಾರಗಟ್ಟಲೆ ನುಂಗಿ ಹೊಟ್ಟೆ ಹುಣ್ಣು, ಮೂತ್ರಪಿಂಡದ ತೊಂದರೆ ತಂದುಕೊಳ್ಳುವುದನ್ನು ಇವರು ಯಾಕೆ ಎತ್ತುವುದಿಲ್ಲವೋ. ಅಮೆರಿಕದಲ್ಲಿ ಕತ್ತುನೋವಿನ 272 ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎರಡು ಪಾಠ ಹೇಳಿಸಿಕೊಂಡು ಮನೆಯಲ್ಲೇ ವ್ಯಾಯಾಮ ಮಾಡಿದವರು ಆರು ತಿಂಗಳ ಹೊತ್ತಿಗೆ ಮಾತ್ರೆ ನುಂಗಿದವರಿಗಿಂತ ಕಡಿಮೆ ನೋವಿನಲ್ಲಿದ್ದರು.

ಮನೆಯಲ್ಲಿ ಕಾಯಬಾರದ ನೋವು ಯಾವುದು ಎಂದು ನಾನು ಪ್ರತಿ ಸಲ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ. ಬಿದ್ದ ಮೇಲೆ, ಅಪಘಾತದ ಮೇಲೆ ಬಂದ ನೋವು. ಕೈ ಜೋಮು ಹಿಡಿದು ಲೋಟ, ಅಂಗಿಯ ಗುಂಡಿ ಹಿಡಿಯಲಾಗದಿರುವುದು. ನಡಿಗೆ ಓಲಾಡುವುದು, ಮೂತ್ರ ಹಿಡಿತ ತಪ್ಪುವುದು. ರಾತ್ರಿ ಮಲಗಿದರೂ ಬಿಡದ ನೋವಿನ ಜೊತೆ ತೂಕ ಇಳಿಯುವುದು, ಸಂಜೆ ಜ್ವರ ಬರುವುದು, ಇದು ಬೆನ್ನುಮೂಳೆಯ ಕ್ಷಯವೂ ಆಗಿರಬಹುದು. ಜ್ವರ, ತಲೆನೋವು, ವಾಂತಿಯ ಜೊತೆ ಕತ್ತು ಸೆಟೆದರೆ ಅದೇ ದಿನ ಆಸ್ಪತ್ರೆಗೆ. ಎಡಭುಜದ ನೋವಿನ ಜೊತೆ ಎದೆ ಹಿಂಡಿ, ಬೆವರು ಕಿತ್ತುಕೊಂಡು ಬಂದರೆ ಶಾಖ, ಎಣ್ಣೆ ಯಾವುದನ್ನೂ ಹುಡುಕದೆ 108ಕ್ಕೆ ಫೋನ್ ಮಾಡಿ.