ಸಾಣೆಕಲ್ಲಿನ ನುಣುಪು ಮತ್ತು ಬೆಟ್ಟದ ಲೆಕ್ಕ

ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಹಿಡಿಯ ರೇಜರನ್ನು ತೊರೆದು, ಅಜ್ಜಂದಿರ ಕಾಲದ ಮಡಚುವ ಕ್ಷೌರದ ಕತ್ತಿಗೆ ಮರಳಲು ಹೊರಟ ತರುಣರನ್ನು ಕಂಡರೆ ಪರಿಸರ ಚಳವಳಿಯಲ್ಲಿರುವ ಯಾರಿಗಾದರೂ ಸಂತೋಷವಾಗಬೇಕು. ಇಂಗಾಲದ ಉಕ್ಕಿನ ಒಳ್ಳೆಯ ಕತ್ತಿಯೊಂದು ತಲೆಮಾರು ದಾಟಿ ಬಾಳುತ್ತದೆ. ಆದರೆ ಈ ಸಂಯಮದ ಬೆನ್ನಿಗೇ ಹೊಸದೊಂದು ಹಪಾಹಪಿ ನುಸುಳಿದೆ. 8000 ಅಂಕದ ಸಾಣೆಕಲ್ಲು ಸಾಲದು, 12000ದ್ದು ಬೇಕು. ಅದು ಬಂದೊಡನೆ 30000ದ್ದು. ಅದರ ಮೇಲೆ ಕ್ರೋಮಿಯಂ ಆಕ್ಸೈಡಿನ ಹಸಿರು ಲೇಪ, ಕಾಲು ಮೈಕ್ರಾನಿನ ವಜ್ರದ ಪುಡಿ, ಕೊನೆಗೆ ಜಪಾನಿನಿಂದಲೋ ಬೆಲ್ಜಿಯಮ್ಮಿನಿಂದಲೋ ತರಿಸಿದ ‘ನೈಸರ್ಗಿಕ’ ಕಲ್ಲು. ಒಂದು ಪ್ಲಾಸ್ಟಿಕ್ ರೇಜರನ್ನು ತಿರಸ್ಕರಿಸಿದವನ ಕಪಾಟಿನಲ್ಲಿ ಹಲವು ದೇಶಗಳ ಬೆಟ್ಟದ ಚೂರುಗಳು ಬಂದು ಕುಳಿತಿವೆ. ಇದನ್ನು ಸರಳ ಜೀವನವೆಂದು ಕರೆಯಲು ನನ್ನ ಮನಸ್ಸು ಒಪ್ಪದು.

ಮೊದಲು ಈ ಅಂಕಗಳ ಮಾಯೆಯನ್ನು ನೋಡೋಣ. ಕಲ್ಲಿನ ಮೇಲಿನ ಅಂಕ ಹೆಚ್ಚಿದಷ್ಟೂ ಮಸೆಯುವ ಕಣ ಸಣ್ಣದು ಎಂಬುದು ಸಾಮಾನ್ಯ ತಿಳಿವಳಿಕೆ. ಗಡ್ಡದ ಕೂದಲಿನ ದಪ್ಪ ಸುಮಾರು 100 ಮೈಕ್ರಾನ್. ಜಪಾನಿನ ಮಾನಕದ 8000 ಅಂಕದ ಕಲ್ಲಿನ ಕಣ ಒಂದು ಮೈಕ್ರಾನಿಗಿಂತ ತುಸು ದೊಡ್ಡದು. 30000ದ್ದು ಸುಮಾರು ಅರ್ಧ ಮೈಕ್ರಾನ್. ಆದರೆ ಅಮೆರಿಕದ ಹೆಸರಾಂತ ತಯಾರಕರೊಬ್ಬರ 8000 ಅಂಕದ ಕಲ್ಲಿನ ಕಣ 3 ಮೈಕ್ರಾನ್! ಅಂಕ ಒಂದೇ, ಗಾತ್ರ ಎರಡು ಪಟ್ಟಿಗೂ ಮಿಗಿಲು. ಎರಡರಿಂದಲೂ ಜನ ನೆಮ್ಮದಿಯಾಗಿ ಕ್ಷೌರ ಮಾಡಿಕೊಂಡಿದ್ದಾರೆ. ಹಾಗಿದ್ದ ಮೇಲೆ ಅಂಕವನ್ನು ಪೂಜಿಸುವುದೇಕೆ?

ಇನ್ನೂ ದೊಡ್ಡ ಸಾಕ್ಷಿ ಬೆಲ್ಜಿಯಮ್ಮಿನ ಆರ್ಡೆನ್ ಬೆಟ್ಟಸೀಮೆಯಲ್ಲಿದೆ. ಅಲ್ಲಿನ ವಿಯೆಲ್ಸಾಮ್ ಸುತ್ತಮುತ್ತ ನೇರಳೆ ಬಣ್ಣದ ಪದರಗಲ್ಲಿನ ನಡುವೆ ಹಳದಿ ಕಲ್ಲಿನ ತೆಳು ಎಳೆಗಳು ಓಡುತ್ತವೆ. ಇದೇ ಕೋಟಿಕ್ಯೂಲ್. ಶತಮಾನಗಳ ಕಾಲ ಯುರೋಪಿನ ಕ್ಷೌರಿಕರ ಕತ್ತಿ ಹದಗೊಂಡದ್ದು ಈ ಕಲ್ಲಿನ ಮೇಲೆ. ಇದರಲ್ಲಿ ಮಸೆಯುವ ಕೆಲಸ ಮಾಡುವುದು ಗಾರ್ನೆಟ್ ಹರಳುಗಳು. ಅವುಗಳ ಗಾತ್ರವೋ 5ರಿಂದ 20 ಮೈಕ್ರಾನ್! ಇಂದಿನ ಅಂಕದ ಲೆಕ್ಕದಲ್ಲಿ ಇದು ಅಡುಗೆಮನೆಯ ಚಾಕು ಮಸೆಯುವ ಒರಟು ಕಲ್ಲಾಗಬೇಕಿತ್ತು. ಆಗಲಿಲ್ಲ. ಕಾರಣ ಹರಳಿನ ಆಕಾರದಲ್ಲಿದೆ. ಗಾರ್ನೆಟ್ಟಿಗೆ ಸಾಮಾನ್ಯವಾಗಿ ಹನ್ನೆರಡು ಮುಖಗಳು. ಅವು ಪರಸ್ಪರ 120 ಡಿಗ್ರಿಯ ಮೊಂಡು ಕೋನದಲ್ಲಿ ಕೂಡುತ್ತವೆ. ಹೀಗಾಗಿ ಅದು ಉಕ್ಕನ್ನು ಆಳವಾಗಿ ಗೀರದೆ ಮೇಲುಮೇಲಕ್ಕೆ ಸವೆಸುತ್ತದೆ. ಸಣ್ಣ ಕಲ್ಲಿನಿಂದ ಉಜ್ಜಿ ಹಾಲಿನಂಥ ರಸ ಎಬ್ಬಿಸಿದರೆ ಬೇಗ ಕೊರೆಯುತ್ತದೆ. ಹನಿಹನಿಯಾಗಿ ನೀರು ಬೆರೆಸುತ್ತ ತೆಳುವಾಗಿಸಿದರೆ ನಯಗೊಳಿಸುತ್ತದೆ. ಒಂದೇ ಕಲ್ಲು, ಎರಡೂ ಕೆಲಸ. ಕಣದ ಗಾತ್ರವಲ್ಲ, ಅದು ಮೂಡಿಸುವ ಗೀರಿನ ಆಳವೇ ಮುಖ್ಯವೆಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ?

ಇಲ್ಲಿಗೆ ನಮ್ಮವರೇ ಕೆಲವರು, ‘ಹಾಗಾದರೆ ನೈಸರ್ಗಿಕ ಕಲ್ಲೇ ಶ್ರೇಷ್ಠ, ಅದೇ ಪರಿಸರಸ್ನೇಹಿ’ ಎನ್ನುತ್ತಾರೆ. ಈ ‘ನೈಸರ್ಗಿಕ’ ಎಂಬ ಶಬ್ದದ ಬಗ್ಗೆ ನನಗೆ ಬಹಳ ಅನುಮಾನವಿದೆ. ಕಬ್ಬಿಣದ ಅದಿರೂ ನೈಸರ್ಗಿಕವೇ. ಕೋಟಿಕ್ಯೂಲಿನ ಎಳೆ ಬಹುಮಟ್ಟಿಗೆ ಕೆಲವೇ ಸೆಂಟಿಮೀಟರ್ ದಪ್ಪ. ಅದಕ್ಕಾಗಿ ಸುತ್ತಲಿನ ಬಂಡೆಯನ್ನೆಲ್ಲ ಒಡೆಯಬೇಕು. ಸುಮಾರು 48 ಕೋಟಿ ವರ್ಷಗಳ ಹಿಂದೆ ಸಮುದ್ರತಳದಲ್ಲಿ ಶೇಖರವಾದ ಕೆಸರು ಅದು, ಮತ್ತೆ ಚಿಗುರುವಂಥದ್ದಲ್ಲ. ಕ್ಯೋಟೊ ಬಳಿಯ ನಕಾಯಾಮಾ ಗಣಿ ಮುಚ್ಚಿ ದಶಕಗಳೇ ಕಳೆದಿವೆ. ಈಗ ಅದರ ಹೆಸರಿನಲ್ಲಿ ಮಾರಾಟವಾಗುವ ಕಲ್ಲುಗಳ ಬೆಲೆಯಲ್ಲಿ ಹರಿತಕ್ಕಿಂತ ಅಪರೂಪಕ್ಕೇ ಹೆಚ್ಚು ಪಾಲು.

ಕೃತಕ ಕಲ್ಲೇನೂ ಆಕಾಶದಿಂದ ಉದುರುವುದಿಲ್ಲ. ಅದರ ಅಲ್ಯೂಮಿನಿಯಂ ಆಕ್ಸೈಡ್ ಬಾಕ್ಸೈಟಿನಿಂದ ಬರುತ್ತದೆ. ಬಾಕ್ಸೈಟೋ ಬೆಟ್ಟಗಳ ನೆತ್ತಿಯಲ್ಲಿರುತ್ತದೆ. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಹನ್ನೆರಡು ಗ್ರಾಮಸಭೆಗಳು ಒಕ್ಕೊರಲಿನಿಂದ ಗಣಿ ಬೇಡವೆಂದದ್ದು ಇದೇ ಅದಿರಿನ ಪ್ರಶ್ನೆಯಲ್ಲಿ. ಹಸಿರು ಲೇಪದ ಕ್ರೋಮಿಯಂ ಆಕ್ಸೈಡಿನ ಮೂಲ ಕ್ರೋಮೈಟ್. ದೇಶದ ಕ್ರೋಮೈಟಿನ ಬಹುಪಾಲು ಇರುವ ಒಡಿಶಾದ ಸುಕಿಂದಾ ಕಣಿವೆ 2007ರಲ್ಲಿ ಜಗತ್ತಿನ ಹತ್ತು ಅತಿ ಕಲುಷಿತ ತಾಣಗಳ ಪಟ್ಟಿಗೆ ಸೇರಿತು; ಅಲ್ಲಿನ ನೀರಿನಲ್ಲಿ ಬೆರೆತದ್ದು ವಿಷಕಾರಿ ಷಡ್ವೇಲೆನ್ಸಿ ಕ್ರೋಮಿಯಂ. ಕತ್ತಿಗೆ ಹಚ್ಚುವ ಹಸಿರು ಪುಡಿ ನೀರಿನಲ್ಲಿ ಕರಗದು, ಕೈಗೆ ಅಂಟಿದರೆ ಭಯಪಡಬೇಕಿಲ್ಲ. ಆದರೆ ಆ ಪುಡಿ ತಯಾರಾಗುವ ದಾರಿ ಡೈಕ್ರೋಮೇಟ್ ಎಂಬ ಅದೇ ವಿಷದ ಮೂಲಕ ಹಾದುಬರುತ್ತದೆ.

‘ಹಿಡಿ ಪುಡಿಗೆ ಇಷ್ಟೊಂದು ರಂಪವೇ? ಕ್ಷೌರಕ್ಕಾಗಿ ಯಾವ ಬೆಟ್ಟವನ್ನು ಅಗೆದಿದ್ದಾರೆ?’ ಎಂದು ಕೇಳುವವರುಂಟು. ಮಾತು ನಿಜ, ಅಗೆದದ್ದು ವಿಮಾನಕ್ಕೆ, ಕಾರಿಗೆ, ತುಕ್ಕುಹಿಡಿಯದ ಉಕ್ಕಿಗೆ. ಆದರೆ 2005ರ ಡಿಸೆಂಬರ್ 31ರಂದು ಕುದುರೆಮುಖದ ಗಣಿಗಾರಿಕೆ ನಿಂತದ್ದು, ‘ಯಾರ ಅಗತ್ಯಕ್ಕೆ, ಎಷ್ಟು?’ ಎಂದು ಬೆಟ್ಟದ ಜನ ವರ್ಷಗಟ್ಟಲೆ ಕೇಳಿದ ಬಳಿಕ. ಆ ಪ್ರಶ್ನೆಯನ್ನು ನಮ್ಮ ಕಪಾಟಿಗೆ ಕೇಳಿಕೊಳ್ಳದೆ ಕಂಪನಿಗಳಿಗೆ ಕೇಳಿದರೆ ನಮ್ಮ ಮಾತಿಗೆ ತೂಕವೆಲ್ಲಿಯದು?

ಹಾಗಾದರೆ ಯಾವುದನ್ನು ಕೊಳ್ಳಬೇಕು? ಅಲಗು ಮುಕ್ಕಾಗಿದ್ದರೆ ಮಾತ್ರ 1000ದ ಕಲ್ಲು. ಉಳಿದಂತೆ 8000ದ ಆಸುಪಾಸಿನ ಕೃತಕ ಕಲ್ಲೊಂದು, ಚರ್ಮದ ಪಟ್ಟಿಯೊಂದು. ಲೇಪ ಬೇಕೇ ಬೇಕೆನ್ನುವವರಿಗೆ ಕೆಂಪು ಐರನ್ ಆಕ್ಸೈಡ್ ಇದೆ. ಉಕ್ಕಿನ ಕಾರ್ಖಾನೆಗಳ ಆಮ್ಲ ತೊಳೆತದ ಉಪೋತ್ಪನ್ನವಾಗಿಯೂ ಅದು ದೊರೆಯುತ್ತದೆ. (ಅಂಗಳದ ಕೆಮ್ಮಣ್ಣು ಅದಕ್ಕೆ ಬದಲಿಯಲ್ಲ, ಅದರೊಳಗಿನ ಬೆಣಚುಕಲ್ಲಿನ ಕಣ ಅಲಗನ್ನು ಗೀರಿಬಿಡುತ್ತದೆ.) ಇದಕ್ಕೂ ಮೀರಿದ ನುಣುಪು ಎಷ್ಟು ದಿನ ನಿಲ್ಲುತ್ತದೆ? ಉಕ್ಕಿಗಿಂತ ಐವತ್ತು ಪಟ್ಟು ಮೃದುವಾದ ಕೂದಲೇ ಅಲಗಿನ ಅಂಚನ್ನು ಚೂರುಚೂರಾಗಿ ಮುರಿಯಬಲ್ಲದು ಎಂಬುದನ್ನು ಅಮೆರಿಕದ ಎಂಐಟಿಯ ಸಂಶೋಧಕರು 2020ರಲ್ಲಿ ಸೂಕ್ಷ್ಮದರ್ಶಕದಡಿ ತೋರಿಸಿದ್ದಾರೆ. ಅವರ ಪರೀಕ್ಷೆ ಬಿಸಾಡುವ ಬ್ಲೇಡುಗಳ ಮೇಲೆ ನಡೆದದ್ದಾದರೂ, ಅಂಚಿನ ಆಯುಷ್ಯ ಉಕ್ಕಿನ ಒಳರಚನೆಯನ್ನೂ ಕೂದಲು ತಾಗುವ ಕೋನವನ್ನೂ ಅವಲಂಬಿಸಿದೆ ಎಂಬ ಮಾತು ಮಡಚುಗತ್ತಿಗೂ ಸಲ್ಲುತ್ತದೆ. ಅರ್ಧ ಮೈಕ್ರಾನಿನ ಹೊಳಪಿಗೆ ಸುರಿಯುವ ಹಣಕ್ಕಿಂತ, ಗಡ್ಡವನ್ನು ಎರಡು ಮೂರು ನಿಮಿಷ ಬಿಸಿನೀರಿನಲ್ಲಿ ನೆನೆಸುವುದೇ ಹೆಚ್ಚು ಫಲಕಾರಿ.

ಪಟ್ಟಿಯ ಮೇಲೆ ದಿನವೂ ಸವರಿದರೆ ಕಲ್ಲು ಬೇಕಾಗುವುದು ವರ್ಷಕ್ಕೆ ಕೆಲವೇ ಸಲ. ಆದ್ದರಿಂದ ಮನೆಗೊಂದು ಕಲ್ಲು ಅನಗತ್ಯ. ಕಾಲೇಜಿನ ಒಂದು ಹಾಸ್ಟೆಲಿಗೆ, ಒಂದು ಕೇರಿಗೆ ಒಂದು ಸಾಕು. ಹಂಚಿಕೊಳ್ಳಬೇಕಾದದ್ದು ಕಲ್ಲನ್ನು ಮಾತ್ರ. ರಕ್ತದಿಂದ ಹರಡುವ ರೋಗಗಳಿರುವುದರಿಂದ ಕತ್ತಿಯನ್ನೂ ಚರ್ಮದ ಪಟ್ಟಿಯನ್ನೂ ಎಂದಿಗೂ ಹಂಚಿಕೊಳ್ಳಕೂಡದು. ಮಸೆಯುವ ಮುನ್ನ ಕತ್ತಿಯನ್ನು ಸಾಬೂನಿನಿಂದ ತೊಳೆದು ಸ್ಪಿರಿಟ್‌ನಿಂದ ಒರೆಸಿರಬೇಕು, ಮುಗಿದ ಮೇಲೆ ಕಲ್ಲನ್ನೂ ತೊಳೆದು ನೆರಳಿನಲ್ಲಿ ಒಣಗಿಸಿಡಬೇಕು.