ಅಕ್ಕನ ಪಡಿಯಚ್ಚು ತಂಗಿಯಾಗಬೇಕೇ?

ಬೇಸಿಗೆಯ ಸೂಟಿ ಬಂದಿತೆಂದರೆ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಗಳ ಮನೆಗಳಲ್ಲಿ ಅಕ್ಕತಂಗಿಯರ ಮಕ್ಕಳೂ ಅಣ್ಣತಮ್ಮಂದಿರ ಮಕ್ಕಳೂ ಒಂದುಗೂಡುವರು. ಹಿಂದೆ ಕುಂಟಾಟ ನಡೆಯುತ್ತಿದ್ದ ಪಡಸಾಲೆಯಲ್ಲಿ ಈಗ ಟೀವಿಯ ಪರದೆಯ ಮುಂದೆ ಕಾಳಗದ ವಿಡಿಯೋ ಆಟ ನಡೆಯುವದು. ಇಬ್ಬರು ಮಕ್ಕಳು ತಮಗೆ ಬೇಕಾದ ಒಬ್ಬೊಬ್ಬ ಜಟ್ಟಿಯನ್ನು ಆರಿಸಿಕೊಂಡು, ಗುಂಡಿಗಳನ್ನೊತ್ತಿ ಅವರನ್ನು ಹೋರಾಡಿಸುವರು. ಆಗ ಒಂದು ತಕರಾರು ಕೇಳಿಬರುವದುಂಟು: "ನಿನ್ನಾಂವ, ನನ್ನಾಂವ ಇಬ್ಬರೂ ಒಂದ ಅದಾರ, ಅಂಗಿ ಬಣ್ಣ ಅಷ್ಟ ಬ್ಯಾರೆ!" ಹಿರಿಯರಾದ ನಾವು ಇದನ್ನು ಕೇಳಿ ನಕ್ಕು ಸುಮ್ಮನಾಗುತ್ತೇವೆ. ಆದರೆ ಈ ಮಾತಿನಲ್ಲಿ ಪಾಲಕರೂ ನಮ್ಮ ಶಾಲೆಯ ಮಾಜಿ ವಿದ್ಯಾರ್ಥಿನಿಯರೂ ವಿಚಾರಿಸತಕ್ಕ ಒಂದು ವಿಷಯವಿದೆಯೆಂದು ನಮ್ಮ ಅಭಿಪ್ರಾಯ.

ಮಕ್ಕಳ ತಕರಾರು ಸುಳ್ಳಲ್ಲ. 1987ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿಯು ಸ್ಟ್ರೀಟ್ ಫೈಟರ್ ಎಂಬ ಆಟವನ್ನು ಹೊರತಂದಾಗ ಮೊದಲನೆಯ ಆಟಗಾರನಿಗೆ ರಿಯೂ, ಎರಡನೆಯವನಿಗೆ ಕೆನ್ ಎಂಬ ಪಾತ್ರ ದೊರೆಯುತ್ತಿತ್ತು. ಕಥೆಯ ಪ್ರಕಾರ ಇಬ್ಬರೂ ಒಬ್ಬನೇ ಗುರುವಿನ ಶಿಷ್ಯರು; ಇಬ್ಬರ ಹೊಡೆತಗಳೂ ಒಂದೇ. 1993ರಲ್ಲಿ ಅಮೇರಿಕೆಯಲ್ಲಿ ಹೊರಬಂದ ಮಾರ್ಟಲ್ ಕಾಂಬ್ಯಾಟ್ ಆಟದ ಎರಡನೆಯ ಭಾಗದಲ್ಲಿ ಕಿಟಾನಾ, ಮಿಲೀನಾ, ಜೇಡ್ ಎಂಬ ಮೂವರು ಸ್ತ್ರೀಯರಿದ್ದರು. ಒಬ್ಬಳೇ ನಟಿಯ ಚಿತ್ರ ತೆಗೆದು, ಉಡುಪಿಗೆ ನೀಲಿ, ನೇರಳೆ, ಹಸಿರು ಬಣ್ಣಗಳನ್ನು ಕೊಟ್ಟು ಆ ಮೂವರನ್ನೂ ಮಾಡಿದ್ದರು. ಗಂಡು ಪಾತ್ರಗಳಲ್ಲಿಯೂ ಇದೇ ರೀತಿ ಇದ್ದಿತು. ಹೊಸ ದೇಹವನ್ನು ಮೊದಲಿನಿಂದ ಚಿತ್ರಿಸುವದು ಬಹು ಶ್ರಮದ ಕೆಲಸ. ಅಂದಿನ ಯಂತ್ರಗಳ ಸ್ಮರಣಶಕ್ತಿಯಾದರೂ ಅತ್ಯಲ್ಪ. ಆದಕಾರಣ ಒಂದೇ ಅಚ್ಚಿನಿಂದ ಅನೇಕರನ್ನು ತೆಗೆಯುವದು ಮಿತವ್ಯಯದ ಮಾರ್ಗವಾಗಿದ್ದಿತು.

ಇದರಲ್ಲಿ ಒಂದು ನ್ಯಾಯವೂ ಇದೆಯೆಂಬುದನ್ನು ಒಪ್ಪಬೇಕು. ಇಬ್ಬರು ಜಟ್ಟಿಗಳೂ ಸಮಾನರಾಗಿದ್ದರೆ ಗೆದ್ದವರ ಗೆಲವು ಕೈಚಳಕದ್ದೇ ಹೊರತು ಪಾತ್ರದ ಬಲದ್ದಲ್ಲ. ಆದರೂ ಆಟ ಮಾಡಿದವರಿಗೇ ಈ ಸಾಮ್ಯವು ಸಾಕೆನಿಸಲಿಲ್ಲ. 1992ರ ಆವೃತ್ತಿಯಲ್ಲಿ ಕೆನ್ನನ ಮೇಲ್ಮುಖದ ಗುದ್ದು ರಿಯೂನದಕ್ಕಿಂತ ಮುಂದಕ್ಕೆ ಹಾರುವಂತಾಯಿತು. 1993ರಲ್ಲಿ ಆ ಗುದ್ದಿಗೆ ಬೆಂಕಿಯ ಜ್ವಾಲೆ ಬಂದಿತು. ಹೀಗೆ ಕ್ರಮೇಣ ಕೆನ್ನನು ರಿಯೂನ ನೆರಳಾಗಿ ಉಳಿಯದೆ ತನ್ನದೇ ರೀತಿಯವನಾದನು.

ಇದು ನಮ್ಮ ಸೀಮೆಗೆ ಹೊಸ ಸಂಗತಿಯೇನೂ ಅಲ್ಲ. ರಾಯಬಾಗವು 1949ರ ವರೆಗೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದಿತು. ಆ ಸಂಸ್ಥಾನದ ಶಾಹೂ ಮಹಾರಾಜರು ಕುಸ್ತಿಗೆ ಕೊಟ್ಟ ಆಶ್ರಯವು ಪ್ರಸಿದ್ಧವೇ ಇದೆ. ಇಂದಿಗೂ ಜಾತ್ರೆಯ ಕುಸ್ತಿಯಲ್ಲಿ ಒಂದೇ ತಾಲೀಮಿನ ಇಬ್ಬರು ಪೈಲವಾನರನ್ನು ನೋಡಿರಿ. ಒಬ್ಬನೇ ವಸ್ತಾದ, ಒಂದೇ ಮಟ್ಟಿ, ಅವೇ ಘಿಸ್ಸಾ, ಢಾಕ ಮೊದಲಾದ ಪಟ್ಟುಗಳು. ಹೀಗಿದ್ದರೂ ಒಬ್ಬನು ತಾಳ್ಮೆಯಿಂದ ಎದುರಾಳಿಯನ್ನು ದಣಿಸಿ ಕೆಡವುವನು. ಇನ್ನೊಬ್ಬನು ಕಣ್ಣು ಮಿಟುಕಿಸುವದರೊಳಗೆ ಎತ್ತಿ ಒಗೆಯುವನು. ಇಬ್ಬರನ್ನೂ ಕಂಡು ಸಂತೋಷಪಡುವ ವಸ್ತಾದನೇ ನಿಜವಾದ ಗುರುವು.

ಬಾಲಿಕೆಯರ ಶಾಲೆಯವರಾದ ನಮಗೆ ಹೆಚ್ಚು ಮೆಚ್ಚಿಗೆಯಾದದ್ದು ಸಕುರಾ ಎಂಬ ಪಾತ್ರ. 1996ರ ಸ್ಟ್ರೀಟ್ ಫೈಟರ್ ಆಲ್ಫಾ 2 ಆಟದಲ್ಲಿ ಮೊದಲು ಕಾಣಿಸಿಕೊಂಡ ಈಕೆ, ಶಾಲೆಯ ಸಮವಸ್ತ್ರದಲ್ಲಿಯೇ ಕಾಳಗಕ್ಕಿಳಿಯುವ ಹುಡುಗಿ. ರಿಯೂನನ್ನು ಮೆಚ್ಚಿ, ಅವನನ್ನು ನೋಡಿಯೇ ಅವನ ವಿದ್ಯೆಯನ್ನು ಅನುಕರಿಸಿದವಳು. ಆದರೆ ಅವಳ ಕೈಯಿಂದ ಹೊರಡುವ ತೇಜಸ್ಸಿನ ಗುಂಡು ರಿಯೂನದರಷ್ಟು ದೂರ ಸಾಗದು. ಗುಂಡಿಯನ್ನು ಮೇಲಿಂದ ಮೇಲೆ ಒತ್ತಿದರೆ ಮಾತ್ರ ಅದು ಬಹು ದೊಡ್ಡದಾಗುವದು. ಅವನು ನಿಂತಲ್ಲಿಂದ ಹಾರಿದರೆ ಅವಳು ಓಡಿಬಂದು ಹಾರುವಳು. ದೂರದಲ್ಲಿ ಕಡಿಮೆಯಾದದ್ದನ್ನು ಶ್ರಮದಿಂದಲೂ ಓಟದಿಂದಲೂ ತುಂಬಿಕೊಂಡ ಈ ಹುಡುಗಿಯನ್ನು "ರಿಯೂನಂತೆ ಏಕೆ ಇಲ್ಲ?" ಎಂದು ಯಾವ ಆಟಗಾರನೂ ಬೈಯುವದಿಲ್ಲ. ಅವಳನ್ನು ಅವಳಂತೆಯೇ ಆಡಿಸಲು ಕಲಿಯುತ್ತಾನೆ.

ಆಟದ ಪಾತ್ರಕ್ಕೆ ತೋರಿಸುವ ಈ ತಾಳ್ಮೆಯನ್ನು ನಾವು ನಮ್ಮ ಹೆಣ್ಣುಮಕ್ಕಳಿಗೆ ತೋರಿಸುತ್ತೇವೆಯೇ? ಅಕ್ಕನು ಕಲಿತುಹೋದ ಶಾಲೆಗೆ ತಂಗಿಯು ಬಂದಾಗ ಅವಳ ಹೆಸರಿಗಿಂತ ಮೊದಲು "ಇಂಥವಳ ತಂಗಿ" ಎಂಬ ಬಿರುದು ಅವಳಿಗೆ ಅಂಟಿಕೊಳ್ಳುವದು. ಗಣಿತದಲ್ಲಿ ಐದು ಗುಣ ಕಡಿಮೆ ಬಂದರೆ ಶಾಲೆಯಲ್ಲಿ ಬಾಯಿಯವರು ಅಕ್ಕನನ್ನು ನೆನಪಿಸುವರು. ಮನೆಯಲ್ಲಿ ತಾಯಿಯೂ ಅದನ್ನೇ ನೆನಪಿಸುವಳು. ತಂಗಿಯು ಚೆನ್ನಾಗಿ ಹಾಡಬಹುದು, ರೋಗಿಯ ಬಳಿ ತಾಳ್ಮೆಯಿಂದ ಕುಳಿತುಕೊಳ್ಳಬಹುದು, ಲೆಕ್ಕಪತ್ರದಲ್ಲಿ ಜಾಣೆಯಾಗಬಹುದು, ಅದನ್ನು ಕೇಳುವವರಿಲ್ಲ. ಎಷ್ಟೋ ಬಾಲಿಕೆಯರು ಬುದ್ಧಿ ಸಾಲದೆ ಅಲ್ಲ, ಈ ಹೋಲಿಕೆಗೆ ಬೇಸತ್ತು ಓದಿನಲ್ಲಿ ಹಿಂದೆ ಬೀಳುತ್ತಾರೆ.

ಮತ್ತಾಯನ ಸುವಾರ್ತೆಯಲ್ಲಿಯ ತಲಾಂತುಗಳ ಸಾಮ್ಯವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಒಬ್ಬನಿಗೆ ಐದು, ಒಬ್ಬನಿಗೆ ಎರಡು, ಒಬ್ಬನಿಗೆ ಒಂದು. ಎರಡನ್ನು ನಾಲ್ಕು ಮಾಡಿದವನಿಗೆ "ನೀನೇಕೆ ಹತ್ತು ತರಲಿಲ್ಲ?" ಎಂದು ಯಜಮಾನನು ಕೇಳಲಿಲ್ಲ, ಇಬ್ಬರನ್ನೂ ಒಂದೇ ರೀತಿಯಾಗಿ ಹೊಗಳಿದನು. ನಿಂದೆಗೆ ಗುರಿಯಾದವನು ಕೊಟ್ಟುದನ್ನು ಕೊಟ್ಟಂತೆಯೇ ತಿರುಗಿ ತಂದೊಪ್ಪಿಸಿದವನು, ಅಂದರೆ ಪಡಿಯಚ್ಚನ್ನು ತಂದವನು. ಶಾಲೆಯಿಂದ ಪಡೆದುದನ್ನು ಏನೂ ಬೆಳೆಸದೆ ಹಾಗೆಯೇ ಇಟ್ಟುಕೊಂಡವಳು ಶಾಲೆಗೆ ಕೀರ್ತಿ ತಂದಂತಾಗಲಿಲ್ಲ.

ಹಾಗೆಂದು ಸಮಾನ ಶಿಕ್ಷಣವು ಬೇಡವೆಂದು ನಾವು ಹೇಳುವದಿಲ್ಲ. ಒಂದೇ ಸಮವಸ್ತ್ರ, ಒಂದೇ ಪ್ರಾರ್ಥನೆ, ಒಂದೇ ಶಿಸ್ತು ಬೇಕೇ ಬೇಕು. ಬಡವಳೂ ಸಿರಿವಂತಳೂ ಒಂದೇ ಬೆಂಚಿನ ಮೇಲೆ ಕೂಡುವದು ಅದರಿಂದಲೇ. ಹೊಡೆದಾಟದ ಆಟಗಳಲ್ಲಿ ಮಕ್ಕಳು ಹೊತ್ತು ಕಳೆಯಲೆಂಬುದೂ ನಮ್ಮ ಸೂಚನೆಯಲ್ಲ. ಅವುಗಳಲ್ಲಿಯ ಕ್ರೌರ್ಯವನ್ನು ಕಂಡು ಪಾಲಕರು ಮಿತಿ ಹಾಕತಕ್ಕದ್ದೇ ಸರಿ. ನಮ್ಮ ವಾದವಿಷ್ಟೇ: ಸಾಮ್ಯವು ಅಡಿಪಾಯವಾಗಿರಲಿ, ಅಳತೆಗೋಲಾಗದಿರಲಿ.

2018ರಲ್ಲಿ ಹೊರಬಂದ ನಿಂಟೆಂಡೊ ಕಂಪನಿಯ ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್ ಎಂಬ ಆಟದಲ್ಲಿ ಇಂಥ ತದ್ರೂಪಿ ಪಾತ್ರಗಳಿಗೆ 'ಎಕೋ ಫೈಟರ್', ಅಂದರೆ ಮಾರ್ದನಿಯ ಜಟ್ಟಿ, ಎಂಬ ಹೆಸರನ್ನೇ ಇಟ್ಟರು. ಆಟದ ಬೊಂಬೆಗೆ ಆ ಹೆಸರು ಒಪ್ಪಬಹುದು; ದೇವರು ಹೆಸರು ಹಿಡಿದು ಕರೆದ ಮಗುವಿಗೆ ಒಪ್ಪದು. ನಮ್ಮ ಅಥಣಿಯ ಕುಶಲರು ಹೊಲಿಯುವ ಕೊಲ್ಲಾಪುರಿ ಚಪ್ಪಲಿಯ ಜೋಡಿಯನ್ನು ನೋಡಿರಿ: ಒಂದೇ ತೊಗಲು, ಒಂದೇ ಕೈಯ ಹೆಣಿಗೆ. ಆದರೂ ಎಡಗಾಲಿನದನ್ನು ಬಲಗಾಲಿಗೆ ಮೆಟ್ಟಿ ಯಾರೂ ದೂರ ನಡೆಯಲಾರರು. ಬರುವ ಜೂನಿನಲ್ಲಿ ಕಿರಿಯ ಮಗಳ ಕೈಹಿಡಿದು ಶಾಲೆಯ ಬಾಗಿಲಿಗೆ ಬರುವ ತಾಯಂದಿರಲ್ಲಿ ನಮ್ಮದೊಂದೇ ವಿನಂತಿ: ಅವಳ ಅಕ್ಕನ ಗುಣಪತ್ರಿಕೆಯನ್ನು ಮನೆಯಲ್ಲಿಯೇ ಬಿಟ್ಟು ಬನ್ನಿರಿ.