ಮನೆಯ ಹಳೆಯ ಪೆಟ್ಟಿಗೆ: ಯುದ್ಧದಿಂದ ಬಂದ ಪಿಸ್ತೂಲು

ಗೋಕಾಕ ಸೀಮೆಯ ಮಸಗುಪ್ಪಿಯಂತಹ ಊರುಗಳಿಗೆ ಬೆಳಗಾವಿಯು ಬಹು ದೂರದ್ದಲ್ಲ. ಮರಾಠಾ ಲಘು ಪದಾತಿ ದಳದ ಕೇಂದ್ರವು 1922ರಿಂದ ಅಲ್ಲಿಯೇ ನೆಲಸಿರುವುದರಿಂದ, ದಂಡಿಗೆ ಹೋಗಿಬಂದ ಹಿರಿಯರ ನೆನಪು ಈ ಭಾಗದ ಮನೆಗಳಿಗೆ ಹೊಸದಲ್ಲ. ಅಂತಹ ಮನೆಯೊಂದರಲ್ಲಿ ಅಜ್ಜನ ಟ್ರಂಕಿನ ತಳದಿಂದ ಪದಕಗಳೊಡನೆ ಪಿಸ್ತೂಲೂ ಹೊರಬಿದ್ದರೆ ಏಳುವ ಪ್ರಶ್ನೆಗಳು ಎರಡು: ಇದು ನಿಜವಾದುದೆ? ಇದರ ಬೆಲೆಯೆಷ್ಟು? ಈ ತಿಂಗಳು ನಾವು ಇವನ್ನೇ ವಿಚಾರಿಸುವೆವು.

ಮೊದಲು ಒಂದು ಎಚ್ಚರಿಕೆ. ಆಯುಧವು ಎಷ್ಟೇ ಹಳೆಯದಿರಲಿ, ಒಳಗೆ ಗುಂಡು ಇದೆಯೆಂದೇ ಭಾವಿಸಬೇಕು. ಕುದುರೆಯನ್ನು ಎಳೆದು ನೋಡುವುದೂ ಮಕ್ಕಳ ಕೈಗೆ ಕೊಡುವುದೂ ಸರ್ವಥಾ ಕೂಡದು. ಪರೀಕ್ಷೆಯು ಬಲ್ಲವರ ಕೆಲಸ. ಅವರು ಏನನ್ನು ನೋಡುವರೆಂಬುದನ್ನು ಅರಿತಿರುವುದಷ್ಟೇ ನಮಗೆ ಸಾಕು.

ಎರಡನೆಯ ಮಹಾಯುದ್ಧದಲ್ಲಿ ಈ ದಳದವರು ಇಟಲಿಯಲ್ಲಿ ಕಾದಿದರು. 1944ರಲ್ಲಿ ಅಲ್ಲಿ ಪ್ರಾಣವಿತ್ತ ಯಶವಂತ ಘಾಡಗೆಯವರಿಗೂ, 1945ರಲ್ಲಿ ಹೋರಾಡಿದ ನಾಮದೇವ ಜಾಧವರಿಗೂ ವಿಕ್ಟೋರಿಯಾ ಕ್ರಾಸ್ ಸಂದಿತು. ಆದುದರಿಂದ ‘ಇಟಲಿಯಿಂದ ತಂದದ್ದು’ ಎಂಬ ಪಿಸ್ತೂಲು ಅಲ್ಲಿಯ ಸೈನ್ಯದ 1934ರ ಮಾದರಿಯ ಬೆರೆಟ್ಟಾ ಆಗಿರಬಹುದು. ಅದರ ಮೇಲಣ ಜಾರುಭಾಗದಲ್ಲಿ ಕ್ರಿಸ್ತಶಕದ ಪಕ್ಕದಲ್ಲಿಯೇ, ಮುಸೊಲಿನಿಯ ಆಳಿಕೆಯನ್ನು 1922ರ ಅಕ್ಟೋಬರದಿಂದ ಎಣಿಸಿದ ವರುಷವು ರೋಮನ್ ಅಂಕಿಯಲ್ಲಿರುವುದು. 1942 ಎಂದಿದ್ದರೆ ಜೊತೆಯಲ್ಲಿ ಇಪ್ಪತ್ತು, ವರುಷದ ಕೊನೆಯದಾದರೆ ಇಪ್ಪತ್ತೊಂದು ಇರಬೇಕು. ಈ ಲೆಕ್ಕವು ತಾಳೆಯಾಗದಿದ್ದರೆ ಸಂಶಯಪಡಬೇಕು. ಈ ಮಾದರಿಯು ಯುದ್ಧಾನಂತರವೂ ತಯಾರಾಯಿತು. 1949 ಎಂದು ಕೊರೆದಿದ್ದರೆ ಅದು ಯುದ್ಧದಿಂದ ಬಂದುದೆಂಬ ಕಥೆ ನಿಲ್ಲದು.

ಬಳಿಕ ಕ್ರಮಾಂಕ. ಚೌಕಟ್ಟಿನ ಅಂಕಿಯೂ ಜಾರುಭಾಗದ ಅಂಕಿಯೂ ಒಂದೇ ಇದ್ದರೆ ಬೆಲೆ ಹೆಚ್ಚು. ಬೇರೆಯಾದರೆ ಎರಡು ಪಿಸ್ತೂಲುಗಳ ಭಾಗ ಕೂಡಿಸಿದ್ದೆಂದು ತಿಳಿಯಬೇಕು. ಪೇಶಾವರದ ಬಳಿಯ ದರ್ರಾದಲ್ಲಿ ಕೈಯಿಂದಲೇ ಮಾಡಿದ ನಕಲುಗಳೂ ಉಂಟು. ಓರೆಯಾದ ಅಕ್ಷರ, ತಪ್ಪಿದ ಕಾಗುಣಿತ ಅವುಗಳ ಗುಟ್ಟನ್ನು ಬಯಲಿಗೆಳೆಯುತ್ತವೆ. ಅಕ್ಷರಗಳ ಅಂಚು ಸವೆದು ದುಂಡಗಾಗಿದ್ದು ಮೈಮಾತ್ರ ಹೊಳೆಯುತ್ತಿದ್ದರೆ ಯಾರೋ ಉಜ್ಜಿ ಹೊಸ ಬಣ್ಣ ಕೊಟ್ಟಿದ್ದಾರೆ. ಸಂಗ್ರಾಹಕರು ಹೊಸ ಹೊಳಪಿಗಿಂತ ಹಳೆಯ ಸವಕಲನ್ನೇ ಮೆಚ್ಚುವರು.

ಇನ್ನು ಬೆಲೆ. ಪರದೇಶದ ಹರಾಜಿನ ಮೊತ್ತವು ನಮ್ಮಲ್ಲಿ ಸಲ್ಲದು. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿಯಿಲ್ಲದೆ ಬಂದೂಕು, ಪಿಸ್ತೂಲುಗಳನ್ನು ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧ. ಅಜ್ಜನಿಗೆ ಪರವಾನಗಿಯಿದ್ದರೂ ಅದು ಮೊಮ್ಮಗನಿಗೆ ತಾನಾಗಿ ಬಾರದು. ವಕೀಲರನ್ನು ಕೇಳಿ, ತಡಮಾಡದೆ ಠಾಣೆಗೆ ತಿಳಿಸಿ, ಅವರು ಹೇಳಿದಂತೆ ಒಪ್ಪಿಸಿ ರಸೀದಿ ಪಡೆಯುವುದೇ ಕ್ಷೇಮ. ಬಾವಿಗೆಸೆಯುವುದಾಗಲಿ, ಗುಟ್ಟಾಗಿ ಮಾರುವುದಾಗಲಿ ಮನೆತನಕ್ಕೆ ಕೇಡು.

ಆಯುಧ ಕೈಬಿಟ್ಟುಹೋದರೆ ಅಜ್ಜನ ಗುರುತೇ ಹೋಯಿತೆಂದು ಮರುಗುವವರಿಗೆ ಒಂದು ಮಾತು. ಪಿಸ್ತೂಲಿನ ಮೇಲೆ ಇರುವುದು ಕಾರಖಾನೆಯ ಹೆಸರು. ಅದೇ ಟ್ರಂಕಿನ ‘ಇಟಲಿ ಸ್ಟಾರ್’ ಪದಕವನ್ನು ತಿರುವಿ ನೋಡಿರಿ: ಭಾರತೀಯ ಸಿಪಾಯಿಗಳಿಗೆ ಕೊಟ್ಟ ಆ ಪದಕದ ಹಿಂಬದಿಯಲ್ಲಿ ಪಡೆದವನ ಹೆಸರನ್ನೂ ನಂಬರನ್ನೂ ಕೊರೆದಿರುವರು. ಸೇವಾಪತ್ರವನ್ನೂ ಅದರೊಡನೆ ಜೋಪಾನವಾಗಿರಿಸಿರಿ. ಅಜ್ಜನು ಹೋಗಿದ್ದನೆಂಬುದಕ್ಕೆ ಸಾಕ್ಷಿ ಅವೇ. ಅವನ್ನು ಇಟ್ಟುಕೊಳ್ಳಲು ಯಾವ ಪರವಾನಗಿಯೂ ಬೇಡ.